ಮನೆಯ ಸಂಗ್ರಹ ಸಾಧನ ಮತ್ತು ಹಂಚಿಕೆಯ ಫೋಲ್ಡರುಗಳ ಸುರಕ್ಷತೆ
(ಭಾಷಣದ ಪಾಠ)



ಜಮೀನಿನ ಪತ್ರಗಳು, ಮಕ್ಕಳ ಅಂಕಪಟ್ಟಿಗಳು, ಮದುವೆಯ ಛಾಯಾಚಿತ್ರಗಳು ಹಿಂದೆ ಕಬ್ಬಿಣದ ಬೀರುವಿನಲ್ಲಿರುತ್ತಿದ್ದವು. ಇಂದು ಅನೇಕ ಕುಟುಂಬಗಳಲ್ಲಿ ಇವುಗಳ ಪ್ರತಿಗಳೆಲ್ಲವೂ ರೂಟರಿನ ಪಕ್ಕದ ಒಂದು ಸಣ್ಣ ಪೆಟ್ಟಿಗೆಯನ್ನು ಸೇರಿವೆ. ‘ನ್ಯಾಸ್’ ಎಂದು ಕರೆಯಲಾಗುವ ಈ ಸಾಧನದೊಳಗೆ ಒಂದೆರಡು ಹಾರ್ಡ್ ಡಿಸ್ಕುಗಳಿದ್ದು, ಅದರಲ್ಲಿನ ಫೋಲ್ಡರುಗಳನ್ನು ಮನೆಯ ಎಲ್ಲ ಕಂಪ್ಯೂಟರುಗಳೂ ಮೊಬೈಲುಗಳೂ ಬಳಸಬಹುದು. ಬೀರುವಿಗೆ ಬೀಗ ಹಾಕಲು ಮರೆಯದವರೂ ಈ ಪೆಟ್ಟಿಗೆಯ ವಿಷಯದಲ್ಲಿ ಉದಾಸೀನರಾಗಿರುವುದುಂಟು.

2021ರ ಜೂನ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ‘ಮೈ ಬುಕ್ ಲೈವ್’ ಸಾಧನಗಳನ್ನು ಹೊಂದಿದ್ದ ವಿವಿಧ ದೇಶಗಳ ಬಳಕೆದಾರರು ತಮ್ಮ ಸಂಗ್ರಹವೆಲ್ಲ ಅಳಿಸಿಹೋಗಿರುವುದನ್ನು ಕಂಡರು. ಆ ಸಾಧನದ ತಂತ್ರಾಂಶಕ್ಕೆ 2015ರ ನಂತರ ಪರಿಷ್ಕರಣೆ ದೊರೆತಿರಲಿಲ್ಲ. ಪಾಸ್‌ವರ್ಡ್ ಇಲ್ಲದೆಯೇ ಎಲ್ಲವನ್ನೂ ಅಳಿಸಲು ಆಸ್ಪದ ನೀಡುವ ದೋಷವೊಂದು ಅದರಲ್ಲಿತ್ತು. ಅಂದರೆ, ಉತ್ತಮ ಪಾಸ್‌ವರ್ಡ್ ಇಟ್ಟವರಿಗೂ ರಕ್ಷಣೆ ಸಿಗಲಿಲ್ಲ.

ಆದ್ದರಿಂದ ಇಂತಹ ಸಾಧನವು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದುಕೊಳ್ಳದಂತೆ ನೋಡಿಕೊಳ್ಳುವುದು ಮೊದಲ ಕರ್ತವ್ಯ. ರೂಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಹಾಗೂ ‘ಯುಪಿಎನ್‌ಪಿ’ ಸೌಲಭ್ಯಗಳನ್ನು ನಿಲ್ಲಿಸತಕ್ಕದ್ದು. ಪುಣೆಯಲ್ಲಿರುವ ಮಗನಿಗೆ ಧಾರವಾಡದ ಮನೆಯ ಕಡತಗಳು ಬೇಕಾದಲ್ಲಿ ವಿಪಿಎನ್ ಮೂಲಕ ತಲುಪುವುದು ಲೇಸು. ಪರಿಷ್ಕರಣೆಗಳೇ ನಿಂತುಹೋದ ಹಳೆಯ ಸಾಧನವನ್ನು ಇಂಟರ್‌ನೆಟ್ ಸಂಪರ್ಕದಿಂದ ಬೇರ್ಪಡಿಸುವುದೇ ಕ್ಷೇಮ.

ಇನ್ನು ಫೋಲ್ಡರುಗಳ ವಿಚಾರ. ಎಲ್ಲರಿಗೂ ಎಲ್ಲವನ್ನೂ ತೆರೆದಿಡುವ ‘ಗೆಸ್ಟ್’ ಪ್ರವೇಶವನ್ನು ರದ್ದುಗೊಳಿಸಿ, ಮನೆಯ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ತೆರೆಯಬೇಕು. ಇದು ಮನೆಯವರ ಮೇಲಿನ ಅಪನಂಬಿಕೆಯಲ್ಲ. ಸುಲಿಗೆ ವೈರಸ್ ಒಂದು ಮಗಳ ಲ್ಯಾಪ್‌ಟಾಪನ್ನು ಹೊಕ್ಕರೆ, ಆಕೆಯ ಖಾತೆಗೆ ಬರೆಯುವ ಅಧಿಕಾರವಿರುವ ಫೋಲ್ಡರುಗಳನ್ನೆಲ್ಲ ಅದು ಗೂಢಲಿಪಿಗೆ ತಿರುಗಿಸಿ ಹಣ ಕೇಳಬಲ್ಲದು. ಕೇವಲ ಓದುವ ಅಧಿಕಾರವಿರುವ ಫೋಲ್ಡರನ್ನು ಆ ಖಾತೆಯ ಮೂಲಕ ಕೆಡಿಸಲಾರದು. ಹಳೆಯ ಛಾಯಾಚಿತ್ರಗಳನ್ನು ನೋಡಲು ಬರೆಯುವ ಅಧಿಕಾರವಾದರೂ ಏತಕ್ಕೆ? ಆಡಳಿತಗಾರನ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಉಪಯೋಗಿಸಬಾರದು. ಹಂಚಿಕೆಯ ಹಳೆಯ ವಿಧಾನವಾದ ‘ಎಸ್‌ಎಂಬಿ 1’ ಚಾಲನೆಯಲ್ಲಿದ್ದರೆ ಅದನ್ನೂ ನಿಲ್ಲಿಸಬೇಕು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಹಬ್ಬಿದ್ದು ವಿಂಡೋಸ್‌ನಲ್ಲಿನ ಈ ವಿಧಾನದ ದೋಷದಿಂದಲೇ.

ನೆಂಟರು ವೈಫೈ ಕೇಳಿದಾಗ ಇಲ್ಲವೆನ್ನಲಾಗದು. ಅವರಿಗಾಗಿ ಹಲವು ರೂಟರುಗಳಲ್ಲಿ ಪ್ರತ್ಯೇಕ ಅತಿಥಿ ಜಾಲದ ಸೌಲಭ್ಯವಿದೆ.

ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ವ್ಯವಸ್ಥೆಯನ್ನೇ ಬ್ಯಾಕಪ್ ಎಂದು ಭಾವಿಸುವವರು ಬಹಳ. ಒಂದು ಡಿಸ್ಕ್ ಕೆಟ್ಟರೆ ಅದು ನೆರವಾಗುವುದು ನಿಜ. ಆದರೆ ಅಳಿಸಿದ ಕಡತ ಎರಡರಿಂದಲೂ ಅಳಿಯುತ್ತದೆ. ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ, ಅದರ ತಂತಿಯನ್ನು ಕಳಚಿ ಬೀರುವಿನಲ್ಲಿಡಬೇಕು.

ಕಡತಗಳ ಹೆಸರು ಬದಲಾಗಿ ಹಣದ ಬೇಡಿಕೆ ಕಂಡುಬಂದಲ್ಲಿ, ಸಾಧನದ ನೆಟ್‌ವರ್ಕ್ ತಂತಿಯನ್ನು ತಕ್ಷಣ ಕೀಳಬೇಕು. ಹಣ ತೆತ್ತರೂ ಕಡತಗಳು ಮರಳುವ ಖಾತರಿಯಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಹಣ ಕಳೆದುಕೊಂಡಿದ್ದರೆ ವಿಳಂಬಿಸದೆ 1930 ಸಂಖ್ಯೆಗೆ ಕರೆ ಮಾಡಬೇಕು.