ಮನೆಯ ಜೊತೆಗೆ ಕೆಲಸವೂ ಬೇಕು



ಇವತ್ತು ನಾವು ದೂರದ ಊರಿನ ಒಂದು ಸಂಗತಿ ಹೇಳುತ್ತೇವೆ. ಇಂಗ್ಲೆಂಡಿನ ರಾಜಧಾನಿ ಲಂಡನ್. ಅದರ ಪೂರ್ವ ಭಾಗದಲ್ಲಿ ಪಾಪ್ಲರ್ ಎಂಬ ಬಡಾವಣೆ ಇದೆ. ಆ ಭಾಗದಲ್ಲಿ ಬಾಂಗ್ಲಾದೇಶದಿಂದ ಹೋದ ಕುಟುಂಬಗಳು ಬಹಳ. ಹೆಚ್ಚಿನವರು ಸಿಲ್ಹೆಟ್ ಸೀಮೆಯವರು. ಮೊದಲು ಗಂಡಸರು ಹೋದರು. ಹಡಗಿನಲ್ಲಿ, ಕಾರ್ಖಾನೆಯಲ್ಲಿ, ಹೋಟೆಲಿನಲ್ಲಿ ದುಡಿದರು. 1970 ಮತ್ತು 1980ರ ದಶಕಗಳಲ್ಲಿ ಹೆಂಡತಿ ಮಕ್ಕಳು ಹೋಗಿ ಸೇರಿಕೊಂಡರು.

ಆ ಹೆಂಗಸರ ಪಾಡು ಏನು? ಭಾಷೆ ಬಾರದು. ಬೀದಿಗೆ ಇಳಿದರೆ ಮೈಬಣ್ಣ ನೋಡಿ ಬೈಯುವವರು ಇದ್ದರು. ಚಿಕ್ಕ ಮಕ್ಕಳನ್ನು ಬಿಟ್ಟು ಹೋಗುವುದಾದರೂ ಎಲ್ಲಿಗೆ? ಅದಕ್ಕೇ ಅನೇಕರು ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡರು. ಕತ್ತರಿಸಿದ ಬಟ್ಟೆ ಮನೆಗೇ ಬರುತ್ತಿತ್ತು. ಒಂದು ಪೀಸಿಗೆ ಇಷ್ಟು ಅಂತ ಕೂಲಿ. ನಮ್ಮಲ್ಲಿ ಬೀಡಿ ಕಟ್ಟುವ ಅಕ್ಕಂದಿರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ನೈಲಾ ಕಬೀರ್ ಎಂಬ ವಿದ್ವಾಂಸೆ ಇದರ ಬಗ್ಗೆ 2000ದಲ್ಲಿ ಒಂದು ಪುಸ್ತಕ ತಂದರು. ಢಾಕಾದಲ್ಲಿ ಹೆಂಗಸರು ಕಾರ್ಖಾನೆಗೆ ಹೋಗಿ ಹೊಲಿಯುತ್ತಿದ್ದರು. ಲಂಡನ್ನಿಗೆ ಹೋದ ಅದೇ ದೇಶದ ಹೆಂಗಸರು ಮನೆಯೊಳಗೆ ಕೂತು ಹೊಲಿಯುತ್ತಿದ್ದರು. ನೋಡಿ, ಎಂಥಾ ವಿಚಿತ್ರ!

ಮುಂದೆ ಉಡುಪಿನ ಕೆಲಸ ಬೇರೆ ದೇಶಗಳಿಗೆ ಹೋಯಿತು. ಮನೆ ಹೊಲಿಗೆ ಕಡಿಮೆಯಾಯಿತು. ಕೈಯಲ್ಲಿ ವಿದ್ಯೆ ಉಳಿಯಿತು, ಕೂಲಿ ಹೋಯಿತು.

ಪಾಪ್ಲರಿನಲ್ಲಿ 1998ರಲ್ಲಿ ಪಾಪ್ಲರ್ ಹಾರ್ಕಾ ಎಂಬ ವಸತಿ ಸಂಸ್ಥೆ ಶುರುವಾಯಿತು. ಮನೆ ಕಟ್ಟಿಸುವುದು, ಬಾಡಿಗೆಗೆ ಕೊಡುವುದು ಅದರ ಕೆಲಸ. ಬಡಾವಣೆಯಲ್ಲಿ ಕಾರು ನಿಲ್ಲಿಸುವ ಹಳೇ ಶೆಡ್ಡುಗಳು ಪಾಳು ಬಿದ್ದಿದ್ದವು. ಸಂಸ್ಥೆಯವರು ಅವನ್ನು ರಿಪೇರಿ ಮಾಡಿಸಿ ಉಡುಪು ತಯಾರಿಸುವ ಕೋಣೆಗಳಾಗಿ ಮಾಡಿದರು. ಲಂಡನ್ ಕಾಲೇಜ್ ಆಫ್ ಫ್ಯಾಷನ್ ಅವರ ಜೊತೆಗೂಡಿತು. ಅಲ್ಲಿನ ಹೆಂಗಸರಿಗೆ ಮನೆ ಹತ್ತಿರವೇ ಹೊಲಿಗೆ ತರಬೇತಿ ಏರ್ಪಾಟಾಯಿತು.

ಇಂಥ ಕೆಲಸವನ್ನು ಹಲವು ಕಡೆ ಸಾಮಾಜಿಕ ಉದ್ಯಮವಾಗಿ ನಡೆಸುತ್ತಾರೆ. ಹಾಗೆಂದರೇನು? ವ್ಯಾಪಾರ ಉಂಟು, ಲಾಭವೂ ಉಂಟು. ಆದರೆ ಲಾಭ ಒಬ್ಬರ ಜೇಬಿಗೆ ಹೋಗುವುದಿಲ್ಲ. ಜನರ ಒಳಿತಿಗೆ ಮತ್ತೆ ಬಳಕೆಯಾಗುತ್ತದೆ.

ಮನೆ ಕಟ್ಟುವವರಿಗೆ ಈ ಗೊಡವೆ ಯಾಕೆ ಅಂತೀರಾ? ಸಂಪಾದನೆ ಇಲ್ಲದವರು ಬಾಡಿಗೆ ಹೇಗೆ ಕಟ್ಟುತ್ತಾರೆ? ಜಾಗ ಇರುವುದು ಕಟ್ಟುವವರ ಕೈಯಲ್ಲಿ. ಮನೆಗಳ ನಡುವೆ ನಾಲ್ಕು ಕೋಣೆ ಕೆಲಸಕ್ಕೆ ಬಿಟ್ಟರೆ ಹೆಂಗಸರು ಹೊರಗೆ ಬರುತ್ತಾರೆ. ನಾಲ್ಕು ಜನರ ಜೊತೆ ಕೂತರೆ ಭಾಷೆ ಬರುತ್ತದೆ. ಒಬ್ಬಳೇ ಕೇಳಲಾಗದ ಕೂಲಿಯನ್ನು ಹತ್ತು ಜನ ಸೇರಿ ಕೇಳಬಹುದು.

ಆದರೆ ತರಬೇತಿಯ ಪತ್ರವನ್ನು ಗೋಡೆಗೆ ತೂಗುಹಾಕಿದರೆ ಹೊಟ್ಟೆ ತುಂಬುವುದಿಲ್ಲ. ನಾವು ಕೇಳಬೇಕು: ಕಲಿತ ಮೇಲೆ ಕೆಲಸ ಉಂಟೇ? ಕೂಲಿ ನ್ಯಾಯವಾಗಿದೆಯೇ? ಕೂಸನ್ನು ನೋಡಿಕೊಳ್ಳುವವರು ಯಾರು? ಲೆಕ್ಕದ ಪುಸ್ತಕ ನಮಗೂ ತೋರಿಸುತ್ತಾರೆಯೇ?

ನಾವು ಅಕ್ಷರ ಕಲಿತದ್ದು ಇದಕ್ಕೇ. ನಾಳೆ ಯಾರಾದರೂ ಬಂದು "ನಿಮಗೆ ಮನೆ ಕಟ್ಟಿಕೊಡುತ್ತೇವೆ" ಅಂದರೆ ಸಂತೋಷ ಪಡೋಣ. ನಕ್ಷೆ ಬಿಡಿಸಿ ನೋಡೋಣ. ಆಮೇಲೆ ಕೇಳೋಣ: "ಹೆಂಗಸರ ಕೆಲಸಕ್ಕೆ ಜಾಗ ಎಲ್ಲಿದೆ, ತೋರಿಸಿ."