ಮೂವರು ಸುಜುಕಿಗಳು, ಮೂರು ವಿಧಾನಗಳು

(ಪೀಣ್ಯದ ಕಾರ್ಖಾನೆಯೊಂದರ ನೌಕರರ ಕನ್ನಡ ಸಂಘದಲ್ಲಿ ರಾಜ್ಯೋತ್ಸವದ ಅಂಗವಾಗಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಸುಜುಕಿ ಎಂದರೆ ನಿಮಗೆ ಏನು ನೆನಪಾಗುತ್ತದೆ ಎಂದು ಕೇಳುವ ಅಗತ್ಯವಿಲ್ಲ. ಈ ಸಭಾಂಗಣದ ಹೊರಗೆ ನಿಂತಿರುವ ಬೈಕುಗಳೇ ಉತ್ತರ ಹೇಳುತ್ತವೆ. ಆ ಕಂಪನಿಯ ಮೂಲಪುರುಷ ಮಿಚಿಯೊ ಸುಜುಕಿ. ಅವರು 1909ರಲ್ಲಿ ಜಪಾನಿನ ಹಮಾಮಾತ್ಸುವಿನಲ್ಲಿ ಶುರುಮಾಡಿದ್ದು ಬೈಕಿನ ಕಾರ್ಖಾನೆಯನ್ನಲ್ಲ, ನೇಯ್ಗೆಯ ಮಗ್ಗ ತಯಾರಿಸುವ ಕಾರ್ಖಾನೆಯನ್ನು. ಆದರೆ ನಾನು ಇಂದು ಮಾತನಾಡುವುದು ಅವರ ಬಗ್ಗೆ ಅಲ್ಲ. ಅದೇ ಹೆಸರಿನ, ಆದರೆ ಅವರಿಗೂ ಪರಸ್ಪರರಿಗೂ ನಂಟಿಲ್ಲದ ಇನ್ನು ಮೂವರ ಬಗ್ಗೆ.

ಇದು ನನ್ನ ಗಮನಕ್ಕೆ ಬಂದದ್ದು ಒಂದು ಕಷ್ಟದ ದಿನ. ನನ್ನ ದೊಡ್ಡಮ್ಮನ ಮಗಳು ಇಲ್ಲೇ ದಾಸರಹಳ್ಳಿಯಲ್ಲಿದ್ದಾರೆ. ಅವರ ಮಗಳಿಗೆ ಏಳು ವರ್ಷ. ಹುಡುಗಿ ಜೋರಾಗಿ ಅತ್ತಾಗಲೆಲ್ಲ ಬಲಗೈ ಸೋತುಹೋಗುತ್ತಿತ್ತು. ಐದು ಹತ್ತು ನಿಮಿಷದಲ್ಲಿ ಮತ್ತೆ ಸರಿ. ಹಟಕ್ಕೆ ನಾಟಕ ಮಾಡುತ್ತಾಳೆ ಎಂದು ಮನೆಯವರು ಗದರಿದ್ದೂ ಉಂಟು. ಶಾಲೆಯ ಸಂಗೀತದ ಪೀರಿಯಡ್ಡಿನಲ್ಲಿ ಪ್ಲಾಸ್ಟಿಕ್ ಕೊಳಲು ಊದುವಾಗಲೂ ಹಾಗೇ ಆದಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಿದುಳಿನ ಆಂಜಿಯೋಗ್ರಾಂ ಆಯಿತು. ವರದಿಯ ಕೊನೆಯ ಸಾಲಿನಲ್ಲಿ ‘ಸುಜುಕಿ ಮೂರನೇ ಹಂತ’ ಎಂದಿತ್ತು. ಅಕ್ಕ ನನಗೆ ಫೋನ್ ಮಾಡಿ, “ನೀನು ಪೇಪರಿನವನು, ನಿಂಗೆ ಗೊತ್ತಿರತ್ತೆ. ಸುಜುಕಿ ಅಂದ್ರೆ ಕಾಯಿಲೆನೇನೋ, ಡಾಕ್ಟ್ರ ಹೆಸರೇನೋ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಅದಕ್ಕೆ ಸ್ವಲ್ಪ ದಿನ ಮೊದಲು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಒಂದರ ನೋಟಿಸ್ ಬೋರ್ಡಿನಲ್ಲಿ ‘ಮಕ್ಕಳಿಗೆ ಸುಜುಕಿ ತರಗತಿ’ ಎಂಬ ಚೀಟಿ ನೋಡಿ, ಮಕ್ಕಳಿಗೂ ಡ್ರೈವಿಂಗ್ ಕಲಿಸುತ್ತಾರೆಯೇ ಎಂದು ನಕ್ಕಿದ್ದೆ. ಅದು ಪಿಟೀಲಿನ ತರಗತಿ. ಬೊಮ್ಮಸಂದ್ರದ ಔಷಧ ಸಂಶೋಧನಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ಗೆಳೆಯನಂತೂ, “ಇವತ್ತು ಎರಡು ಸುಜುಕಿ ಹಾಕಿದೀನಿ, ಒಂದೂ ಕೈಹಿಡೀಲಿಲ್ಲ” ಎಂದು ಆಗಾಗ ಗೊಣಗುತ್ತಿರುತ್ತಾನೆ. ಹೀಗೆ ನಮ್ಮ ಊರಿನ ಮೂರು ಅಂಚುಗಳಲ್ಲಿ ಮೂರು ಸುಜುಕಿ. ಹುಡುಕಿದೆ. ಹುಡುಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಪಿಟೀಲು. ಶಿನಿಚಿ ಸುಜುಕಿ 1898ರಲ್ಲಿ ನಗೋಯಾದಲ್ಲಿ ಹುಟ್ಟಿದವರು. ತಂದೆಯದು ಪಿಟೀಲು ತಯಾರಿಸುವ ಕಾರ್ಖಾನೆ. ಮಗ ಪಿಟೀಲನ್ನು ಗಂಭೀರವಾಗಿ ಹಿಡಿದದ್ದು ಹದಿಹರೆಯದ ಕೊನೆಗೆ. ಮುಂದೆ ಬರ್ಲಿನ್ನಿಗೆ ಹೋಗಿ ಕಾರ್ಲ್ ಕ್ಲಿಂಗ್ಲರ್ ಎಂಬುವರ ಬಳಿ ಪಾಠ ಹೇಳಿಸಿಕೊಂಡರು. ಊರಿಗೆ ಮರಳಿ ಕಲಿಸತೊಡಗಿದಾಗ ಅವರಿಗೆ ಹೊಳೆದದ್ದು ಬಹಳ ಸರಳವಾದ ಸಂಗತಿ. ಜಪಾನಿನ ಮಕ್ಕಳೆಲ್ಲ ಜಪಾನೀ ಭಾಷೆಯನ್ನು ಸರಾಗವಾಗಿ ಮಾತಾಡುತ್ತಾರೆ. ಅಂಥ ಕಷ್ಟದ ಭಾಷೆಯನ್ನು ವ್ಯಾಕರಣ ಓದದೆ, ಪರೀಕ್ಷೆ ಬರೆಯದೆ, ಕೇಳಿ ಕೇಳಿಯೇ ಕಲಿಯುವ ಮಗು ಪಿಟೀಲನ್ನು ಯಾಕೆ ಕಲಿಯಬಾರದು? ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾತ್ಸುಮೊಟೊ ಊರಿನಲ್ಲಿ ಈ ವಿಚಾರವನ್ನೇ ಬುನಾದಿಯಾಗಿಟ್ಟು ಶಾಲೆ ಕಟ್ಟಿದರು. ಮಗು ಮೂರು ನಾಲ್ಕು ವರ್ಷಕ್ಕೇ ಶುರುಮಾಡಬೇಕು, ದಿನವೂ ಮನೆಯಲ್ಲಿ ಧ್ವನಿಮುದ್ರಿಕೆ ಕೇಳಬೇಕು, ಸ್ವರಲಿಪಿ ಓದುವುದು ಆಮೇಲೆ. ತಾಯಿಯೋ ತಂದೆಯೋ ಪಾಠಕ್ಕೆ ಜೊತೆಗೆ ಬಂದು, ಮನೆಯಲ್ಲೂ ಪಕ್ಕದಲ್ಲಿ ಕೂರಬೇಕು. ಮೊದಲ ಪಾಠ ನಮ್ಮ ಶಿಶುವಿಹಾರದ ಮಕ್ಕಳೂ ಹಾಡುವ ‘ಟ್ವಿಂಕಲ್ ಟ್ವಿಂಕಲ್’ ಧಾಟಿಯದೇ.

ಇದರಲ್ಲಿ ನಮಗೆ ಹೊಸದೇನು ಎಂದು ನೀವು ಕೇಳಬಹುದು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲದಲ್ಲಿದ್ದು ಕಲಿತ ಟಿ. ಚೌಡಯ್ಯನವರ ಮುಂದೆ ಸ್ವರಲಿಪಿಯ ಪುಸ್ತಕ ಇತ್ತೇ? ಗುರು ಹಾಡಿದ್ದು ಕಿವಿಗೆ, ಕಿವಿಯಿಂದ ಕೈಗೆ. ನಿಜ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಗುರುಗಳು ಶಿಷ್ಯನನ್ನು ಆರಿಸಿಕೊಳ್ಳುತ್ತಿದ್ದರು. ಸುಜುಕಿ ಯಾವ ಮಗುವನ್ನೂ ಆರಿಸಲು ಒಪ್ಪಲಿಲ್ಲ. ಪ್ರತಿಭೆ ಹುಟ್ಟಿನಿಂದ ಬರುವುದಲ್ಲ, ಬೆಳೆಸಿದರೆ ಬರುವುದು ಎಂಬುದು ಅವರ ಹಟ. ಅಂದ ಹಾಗೆ, ಅಪ್ಪ ಅಮ್ಮ ದಿನವೂ ಪಕ್ಕದಲ್ಲಿ ಕೂರಬೇಕೆಂಬ ಈ ವಿಧಾನ, ಇಬ್ಬರೂ ರಾತ್ರಿ ಎಂಟಕ್ಕೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವ ವೈಟ್‌ಫೀಲ್ಡಿನಲ್ಲಿ ಹೇಗೆ ನಡೆಯುತ್ತದೋ! ಇನ್ನೊಂದು ಮಾತು ಗಮನಾರ್ಹ. ಅವರೇ ಇದನ್ನು ಕರೆದದ್ದು ‘ಮಾತೃಭಾಷಾ ವಿಧಾನ’ ಎಂದು. ಸುಜುಕಿ ಎಂಬ ಹೆಸರು ಅಂಟಿಕೊಂಡದ್ದು ಬಳಸುವವರ ಬಾಯಲ್ಲಿ.

ಎರಡನೆಯವರು ಅಕಿರಾ ಸುಜುಕಿ, ರಸಾಯನ ವಿಜ್ಞಾನಿ. 1930ರಲ್ಲಿ ಹೊಕ್ಕೈಡೊ ದ್ವೀಪದ ಮುಕಾವ ಎಂಬ ಊರಿನಲ್ಲಿ ಹುಟ್ಟಿದವರು. ಇಂಗಾಲದ ಎರಡು ಅಣುಭಾಗಗಳನ್ನು ಬೇಕಾದ ಕಡೆಯೇ ಬೆಸೆಯುವುದು ಔಷಧ ತಯಾರಿಕೆಯಲ್ಲಿ ದೊಡ್ಡ ತಲೆನೋವು. ಒಂದು ಭಾಗಕ್ಕೆ ಬೋರಾನ್, ಇನ್ನೊಂದಕ್ಕೆ ಬ್ರೋಮಿನ್‌ನಂಥ ಧಾತುವನ್ನು ತಗುಲಿಸಿ, ಸ್ವಲ್ಪ ಪಲ್ಲೇಡಿಯಂ ಮತ್ತು ಕ್ಷಾರ ಸೇರಿಸಿದರೆ ಆ ಬೆಸುಗೆ ಆಗುತ್ತದೆ ಎಂದು ಅವರು 1979ರಲ್ಲಿ ತೋರಿಸಿಕೊಟ್ಟರು. ಪಲ್ಲೇಡಿಯಂ ಇಲ್ಲಿ ಮದುವೆಯ ದಲ್ಲಾಳಿಯಂತೆ. ಗಂಡು ಹೆಣ್ಣನ್ನು ಸೇರಿಸಿ ತಾನು ಹೊರಗೆ ಬಂದು, ಮುಂದಿನ ಸಂಬಂಧ ಕುದುರಿಸಲು ಹೊರಡುತ್ತದೆ. ಹಾಗಾಗಿ ಈ ದುಬಾರಿ ಲೋಹ ಬೇಕಾಗುವುದು ಚೂರೇ. ಬೋರಾನಿನ ಆ ಸಂಯುಕ್ತಗಳು ಗಾಳಿಗೆ, ನೀರಿಗೆ ಸುಲಭದಲ್ಲಿ ಕೆಡುವುದಿಲ್ಲ. ಇದೇ ಕೆಲಸಕ್ಕೆ ಬಳಕೆಯಲ್ಲಿದ್ದ ತವರದ ಸಂಯುಕ್ತಗಳಷ್ಟು ವಿಷವೂ ಅಲ್ಲ. ರಕ್ತದೊತ್ತಡಕ್ಕೆ ನಿಮ್ಮಲ್ಲಿ ಕೆಲವರಾದರೂ ನುಂಗುವ ಲೊಸಾರ್ಟನ್ ಮಾತ್ರೆಗೆ ಮರ್ಕ್ ಕಂಪನಿಯವರು 1990ರ ದಶಕದಲ್ಲಿ ರೂಪಿಸಿದ ತಯಾರಿಕಾ ಕ್ರಮದಲ್ಲಿ ಈ ಬೆಸುಗೆ ಒಂದು ಮುಖ್ಯ ಮೆಟ್ಟಿಲು. ಅಕಿರಾ ಸುಜುಕಿ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಬಳಸಬಹುದಾದ್ದರಿಂದಲೇ ಅದು ಅಷ್ಟು ಬೇಗ ಹರಡಿತು, ನನ್ನ ಗೆಳೆಯನ ಬೊಮ್ಮಸಂದ್ರದ ಮೇಜಿನ ಮೇಲೂ ಬಂತು.

2010ರಲ್ಲಿ ರಿಚರ್ಡ್ ಹೆಕ್, ಏಇಚಿ ನೆಗಿಶಿ ಅವರೊಂದಿಗೆ ಅಕಿರಾ ಸುಜುಕಿಗೆ ನೊಬೆಲ್ ಬಂತು. ಆದರೆ 1979ರ ಆ ಲೇಖನಗಳಲ್ಲಿ ಮೊದಲಿಗಿದ್ದ ಹೆಸರು ನೊರಿಯೊ ಮಿಯಾವುರ, ಅವರ ಸಹೋದ್ಯೋಗಿ. ನೊಬೆಲನ್ನು ಒಂದು ವಿಷಯಕ್ಕೆ ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ. ಅಚ್ಚಿನಲ್ಲಿ ‘ಸುಜುಕಿ-ಮಿಯಾವುರ’ ಎಂದು ಬರೆಯುವವರಿದ್ದಾರೆ. ಪ್ರಯೋಗಾಲಯದ ಬಾಯಲ್ಲಿ ಮಾತ್ರ ಬರೀ ಸುಜುಕಿ. ಮಿಯಾವುರ ಯಾರು ಎಂದು ಗೆಳೆಯನನ್ನು ಕೇಳಿದೆ. “ಬಾಟಲಿ ಮೇಲೆ ಅಷ್ಟುದ್ದ ಬರೆಯೋಕೆ ಜಾಗ ಎಲ್ಲಿ ಮಾರಾಯ” ಎಂದ.

ಮೂರನೆಯವರೇ ಅಕ್ಕನ ವರದಿಯಲ್ಲಿದ್ದವರು: ಜಿರೊ ಸುಜುಕಿ, ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ನರಶಸ್ತ್ರಚಿಕಿತ್ಸಕರು. ಕುತ್ತಿಗೆಯ ಮೂಲಕ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಗಳು ಕವಲೊಡೆಯುವ ಕಡೆ ನಿಧಾನವಾಗಿ ಕಿರಿದಾಗುವ ಕಾಯಿಲೆಯೊಂದಿದೆ. ಮುಖ್ಯ ಕಾಲುವೆ ಹೂಳು ತುಂಬಿದಾಗ ನೀರು ಸಂದುಗೊಂದುಗಳಲ್ಲಿ ದಾರಿ ಹುಡುಕುವಂತೆ, ಆಗ ಎಳೆ ಎಳೆಯಾದ ನೂರಾರು ಸಣ್ಣ ನಾಳಗಳು ಅಲ್ಲಿ ತೆರೆದುಕೊಳ್ಳುತ್ತವೆ. ಆಂಜಿಯೋಗ್ರಾಮಿನಲ್ಲಿ ಅವು ಬೀಡಿಯ ಹೊಗೆಯ ಹಾಗೆ ಕಾಣುತ್ತವೆ. ಜಪಾನೀ ಭಾಷೆಯಲ್ಲಿ ಅಂಥ ಮಸುಕು ಹೊಗೆಗೆ ‘ಮೊಯಾಮೊಯಾ’ ಎನ್ನುತ್ತಾರೆ. 1969ರಲ್ಲಿ ಜಿರೊ ಸುಜುಕಿ ಮತ್ತು ಅಕಿರಾ ತಕಾಕು ಕಾಯಿಲೆಗೆ ಆ ಹೆಸರನ್ನೇ ಇಟ್ಟು, ಅದು ಸಾಗುವ ಬಗೆಯನ್ನು ಆರು ಹಂತಗಳಾಗಿ ವಿಂಗಡಿಸಿದರು.

ಈ ಹಂತಗಳನ್ನು ಓದುವಾಗ ಸಾಮಾನ್ಯರು ಮೋಸ ಹೋಗುತ್ತಾರೆ, ನಾನೂ ಹೋದೆ. ಮೂರನೇ ಹಂತದಲ್ಲಿ ಹೊಗೆ ದಟ್ಟ. ಅಲ್ಲಿಂದಾಚೆಗೆ ಕಡಿಮೆಯಾಗುತ್ತ, ಆರನೆಯದರಲ್ಲಿ ಪೂರ್ತಿ ಮಾಯ. ಹಾಗಾದರೆ ವಾಸಿಯಾಗುತ್ತಿದೆ ಎಂದಲ್ಲವೇ? ಅಲ್ಲ. ದೊಡ್ಡ ನಾಳ ಮುಚ್ಚಿಹೋಗಿ, ಆ ಸಣ್ಣ ನಾಳಗಳೂ ಅಳಿದು, ಮಿದುಳು ತಲೆಯ ಹೊರಭಾಗದ ನಾಳಗಳನ್ನು ನೆಚ್ಚಿಕೊಂಡಿದೆ ಎಂದು ಅದರ ಅರ್ಥ. ಅಕ್ಕನೂ “ಮೂರು ಅಂದ್ರೆ ಆರಕ್ಕೆ ಅರ್ಧ, ಪಾಸಾದ ಹಾಗೇ ತಾನೆ” ಎಂದಿದ್ದರು. ಅದು ಮಾರ್ಕ್ಸ್ ಅಲ್ಲ ಎಂದು ಹೇಳುವುದು ನನ್ನ ಪಾಲಿಗೆ ಬಂತು.

ಹುಡುಗಿ ಅತ್ತಾಗ ಕೈ ಸೋಲುತ್ತಿದ್ದುದಕ್ಕೂ ಕಾರಣ ಇಲ್ಲೇ ಇದೆ. ಬಿಕ್ಕಿ ಬಿಕ್ಕಿ ಅತ್ತಾಗ, ಕೊಳಲು ಊದುವಾಗ, ಬಿಸಿ ಆಹಾರವನ್ನು ಉಫ್ ಉಫ್ ಎಂದು ಆರಿಸುವಾಗ ಉಸಿರಾಟ ಹೆಚ್ಚಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ಮೊದಲೇ ರಕ್ತಕ್ಕೆ ಬರ ಇರುವ ಕಡೆ ಮಾತ್ರ ಕೈ, ಕಾಲು, ಮಾತು ಸ್ವಲ್ಪ ಹೊತ್ತು ನಿಂತುಹೋಗುತ್ತವೆ. ಮನೆಯಲ್ಲಿ ಇಂಥ ಮಗು ಇದ್ದರೆ ದಯವಿಟ್ಟು ನಾಟಕ ಎನ್ನಬೇಡಿ, ನರರೋಗ ತಜ್ಞರಿಗೆ ತೋರಿಸಿ. ನಮಗೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಆರಂಭವಾದ, ಹಣ ಪಡೆಯದ ಸತ್ಯಸಾಯಿ ಆಸ್ಪತ್ರೆ ಇದೆ. ನೆತ್ತಿಯ ಪಕ್ಕದ ರಕ್ತನಾಳವನ್ನು ಮಿದುಳಿನ ನಾಳಕ್ಕೆ ಜೋಡಿಸುವ, ಇಲ್ಲವೇ ಮಿದುಳಿನ ಮೇಲೆ ಹೊದಿಸುವ ಶಸ್ತ್ರಚಿಕಿತ್ಸೆ ಇದಕ್ಕಿರುವ ದಾರಿ.

ಇಲ್ಲೂ ನೋಡಿ, ತಕಾಕು ಎಲ್ಲಿ ಹೋದರು? ವರದಿಯಲ್ಲಿ ಉಳಿದದ್ದು ‘ಸುಜುಕಿ ಹಂತ’. ಜೋಡಿ ಹೆಸರಿನಲ್ಲಿ ಎರಡನೆಯದು ಮೊದಲು ಉದುರುತ್ತದೆ. ಕೆಲವೊಮ್ಮೆ ಇದ್ದ ಒಂದೂ ಉದುರುತ್ತದೆ, ಊರಿನ ಹೆಸರು ಉಳಿಯುತ್ತದೆ. ನಾವಿರುವಲ್ಲಿಂದ ಯಶವಂತಪುರ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಡಾ. ಸಿ.ಎನ್. ಆಚಾರ್ಯ ಎಂಬುವರು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಮಗುಚುವ ಗೋಜಿಲ್ಲದೆ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದು ‘ಬೆಂಗಳೂರು ವಿಧಾನ’. ಕಸದ ಬಗ್ಗೆ ಇಷ್ಟು ಗಲಾಟೆ ನಡೆಯುವ ನಗರದಲ್ಲಿ ಆಚಾರ್ಯರ ಹೆಸರು ಕೇಳಿದವರು ಈ ಸಭೆಯಲ್ಲಿ ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೆ?

ಇಲ್ಲಿಗೆ ಬರುವ ಮೊದಲು ನಿಮ್ಮ ಮಷೀನ್ ಶಾಪ್ ನೋಡಿಬಂದೆ. ಹಿರಿಯರೊಬ್ಬರು ಕೆಲಸದ ತುಂಡನ್ನು ಹಿಡಿದಿಡುವ ಒಂದು ಫಿಕ್ಸ್ಚರ್ ತೋರಿಸಿ, ಯಾವತ್ತೋ ನಿವೃತ್ತರಾದ ಫಿಟರ್ ಒಬ್ಬರ ಹೆಸರಿನಲ್ಲೇ ಅದನ್ನು ಇವತ್ತಿಗೂ ಕರೆಯುತ್ತೇವೆ ಎಂದರು. ಅವರಿಗೆ ಸಹಾಯಕರಾಗಿ ಯಾರಿದ್ದರು ಎಂದು ಕೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೇ” ಎಂದರು.

ಅಕ್ಕನ ಮಗಳ ಸುದ್ದಿ ಹೇಳಿ ಮುಗಿಸುತ್ತೇನೆ. ಶಸ್ತ್ರಚಿಕಿತ್ಸೆ ಆಗಿದೆ, ಶಾಲೆಗೆ ಹೋಗುತ್ತಿದ್ದಾಳೆ. ಊದುವ ವಾದ್ಯ ಬೇಡ, ಬೇರೆ ಯಾವುದಾದರೂ ಕಲಿಯಲಿ ಎಂದರಂತೆ ವೈದ್ಯರು. ದಾಸರಹಳ್ಳಿಯಲ್ಲೇ ಮೇಷ್ಟ್ರೊಬ್ಬರ ಬಳಿ ಪಿಟೀಲಿಗೆ ಸೇರಿಸಿದ್ದಾರೆ. ಮೇಷ್ಟ್ರು ಸುಜುಕಿಯ ಹೆಸರು ಕೇಳಿದವರಲ್ಲ. ಸರಳೆ ವರಸೆಯ ಎರಡನೇ ಕಾಲ ನಡೆಯುತ್ತಿದೆ. ಪಾಠಕ್ಕೆ ಅಕ್ಕನೂ ಜೊತೆಗೆ ಹೋಗಿ ಚಾಪೆಯ ಮೇಲೆ ಕೂರುತ್ತಾರೆ.