ಮೂಲೆ ಅಂಗಡಿಯ ಅಣ್ಣ



ನಮ್ಮ ತಲಘಟ್ಟಪುರ ಇರುವುದು ಕನಕಪುರ ರಸ್ತೆಯಲ್ಲಿ. ಇದೇ ರಸ್ತೆಗೆ 2003ರಲ್ಲಿ ಮೆಟ್ರೋ ಎಂಬ ಸಗಟು ಮಳಿಗೆ ಬಂತು. ಅದು ಅಂಗಡಿಯವರಿಗೆ ಮಾರುವ ಮಳಿಗೆ. 2021ರಲ್ಲಿ ತಲಘಟ್ಟಪುರಕ್ಕೆ ಮೆಟ್ರೋ ರೈಲು ಬಂತು. ಹೆಸರು ಒಂದೇ, ಎರಡೂ ಬೇರೆ! ಈಗ ನಾವು ಹೋಗುವಂಥ ದೊಡ್ಡ ಅಂಗಡಿಗಳೂ ಇವೆ.

“ಏನಕ್ಕಾ, ನೀವೂ ಅಲ್ಲಿಗೇ ಹೊರಟ್ರಾ?” ಅಂತ ಮೂಲೆ ಅಂಗಡಿ ಅಣ್ಣ ಕೇಳಿದರು.

ಹೌದು, ಹೋಗ್ತೇವೆ. ಬೇಳೆ ಅಲ್ಲಿ ಅಗ್ಗ. ಆದರೆ ತಿಂಗಳ ಕೊನೆಗೆ ಕೈ ಖಾಲಿ. ಆಗ ಅರ್ಧ ಕಿಲೋ ಅಕ್ಕಿ, ಕಾಲು ಕಿಲೋ ಸಕ್ಕರೆ ಬರೆಸಿ ತರುವುದು ಅಣ್ಣನ ಹತ್ತಿರವೇ. ಅವರು ಬಾಗಿಲು ಹಾಕಿದರೆ ನಮಗೆ ಸಾಲ ಕೊಡೋರು ಯಾರು?

ಅಣ್ಣನ ಸಾಲದ ಪುಸ್ತಕ ಮೊದಲು ನಮಗೆ ಓದಲು ಬರುತ್ತಿರಲಿಲ್ಲ. ಮೊನ್ನೆ ಓದಿದೆವು. ಸಕ್ಕರೆ ಎರಡು ಸಲ ಬರೆದಿತ್ತು. ತೋರಿಸಿದೆವು. ಅಣ್ಣ ನಕ್ಕು ಒಂದನ್ನು ಹೊಡೆದು ಹಾಕಿದರು.